ಡಾಗ್ಮರ್ ತಿಂದ ಮೇವು

"ಆ ಕ್ಯಾಮೆರಾಗಳನ್ನ ನೀನೇ ಇಳಿಸ್ತೀಯೋ, ಇಲ್ಲ ನಾನೇ ಕೊಡಲಿ ತಗೊಂಡು ಇಳಿಸ್ಲೋ?" ಎಂದು ಐವಿನ್ ಮೇಜಿಗೆ ಗುದ್ದಿದ. ಗುದ್ದಿದ ಏಟಿಗೆ ಬೀಟ್‌ರೂಟ್ ಉಪ್ಪಿನಕಾಯಿಯ ಬಟ್ಟಲು ಮಗುಚಿಕೊಂಡು, ಟೋವೆ ಬೆಳಿಗ್ಗೆಯಷ್ಟೇ ಇಸ್ತ್ರಿ ಮಾಡಿ ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಕೆಂಪು ರಸ ಹರಿಯಿತು.

"ಮುಟ್ಟಿ ನೋಡು," ಎಂದ ಮಗ ಆಸ್ಗರ್, ಬಾಯಲ್ಲಿದ್ದ ಆಲೂಗಡ್ಡೆಯನ್ನು ನುಂಗದೆ. "ಮುಟ್ಟಿದ ಕೈ ಮುರೀತೀನಿ."

"ಯಾವ ಕೈ? ಈ ಕೈನಾ? ಇದರ ರುಚಿ ಮರೆತುಹೋಯ್ತಾ ನಿಂಗೆ?"

"ಮರೆತಿಲ್ಲ ಅಪ್ಪ. ಬೆನ್ನು ಇನ್ನೂ ಇದೆಯಲ್ಲ, ನೆನಪು ಮಾಡೋಕೆ."

ಟೋವೆ ಒದ್ದೆ ಬಟ್ಟೆ ತಂದು ರಸ ಒರೆಸತೊಡಗಿದಳು. ಗಂಡನ ಕೈ, ಮಗನ ಕೈ ಎರಡರ ನಡುವೆ ತನ್ನ ಕೈ ಆಡಿಸುತ್ತ ಒರೆಸಿದಳು. ಅದು ಅವಳಿಗೆ ರೂಢಿಯಾದ ಜಾಗ.

ಸೊಸೆ ಸೀನೆ ಸಮಾಧಾನದ ದನಿಯಲ್ಲೇ ಹೇಳಿದಳು. "ಐವಿನ್, ಆ ಕ್ಯಾಮೆರಾ ನಿನ್ನನ್ನ ನೋಡೋಕಿಟ್ಟಿದ್ದಲ್ಲ. ಮೇಲಿಂದ ಹಸುವಿನ ಬೆನ್ನು ನೋಡಿ, ಇದು ಇಂಥ ಹಸು ಅಂತ ಗುರುತು ಹಿಡಿಯುತ್ತೆ. ಅದರ ಮುಂದೆ ಮೇವಿನ ಗುಡ್ಡೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟು ಉಳೀತು ಅಂತ ನೋಡುತ್ತೆ. ಕಡಿಮೆಯಾದದ್ದು ಹಸುವಿನ ಹೊಟ್ಟೆಗೆ ಹೋಯ್ತು ಅಂತ ಲೆಕ್ಕ. ಅಷ್ಟೇ."

"ಅಷ್ಟಕ್ಕೆ ಕ್ಯಾಮೆರಾ ಬೇಕಾ? ನನ್ನ ಕೇಳು. ನಾನೇನು ಕಣ್ಣು ಮುಚ್ಕೊಂಡು ಹಸು ಸಾಕಿದ್ನಾ ಇಷ್ಟು ವರ್ಷ?"

"ಕಣ್ಣು ಮುಚ್ಕೊಂಡಲ್ಲ. ಮುದ್ದು ಮಾಡ್ಕೊಂಡು ಸಾಕಿದೆ," ಎಂದ ಆಸ್ಗರ್. "ನಮ್ಮನ್ನ ಹೊಡೆದು ಸಾಕಿದೆ, ಅವನ್ನ ಮುದ್ದು ಮಾಡಿ ಸಾಕಿದೆ. ಹೊಟ್ಟೆ ತುಂಬ ತಿಂದು ಅರ್ಧ ಬಕೆಟ್ ಹಾಲು ಕೊಡೋವೆಲ್ಲ ನಿಂಗೆ ರಾಣಿಯರು. ನಂಗೆ ರಾಣಿಯರು ಬೇಡ. ಗುರುವಾರ ಗುರುವಾರ ಕಸಾಯಿಖಾನೆ ಲಾರಿ ಬರುತ್ತೆ. ಯಾರು ಜಾಸ್ತಿ ತಿಂದು ಕಡಿಮೆ ಕೊಡ್ತಾರೋ ಅವರು ಹತ್ತುತಾರೆ."

ಐವಿನ್ ಎದ್ದು ತನ್ನ ತಟ್ಟೆಯನ್ನು ಹಾಗೇ ನೆಲಕ್ಕೆ ಬಿಟ್ಟ. ಮಾಂಸದ ಉಂಡೆಗಳು ಸ್ಟೌವಿನ ಕೆಳಗೆ ಉರುಳಿದವು. ಮರದ ಚಪ್ಪಲಿ ಮೆಟ್ಟಿಕೊಂಡು ಕೊಟ್ಟಿಗೆಗೆ ನಡೆದ.

"ಬಿಡಮ್ಮ, ಅವನೇ ಬಂದು ಗುಡಿಸ್ಲಿ," ಎಂದ ಆಸ್ಗರ್.

ಅವನು ಬಂದು ಗುಡಿಸುವವನಲ್ಲ ಎಂದು ಹೇಳಿದ ಮಗನಿಗೂ ಗೊತ್ತು, ಕೇಳಿದ ತಾಯಿಗೂ ಗೊತ್ತು. ಟೋವೆ ಮಂಡಿಯೂರಿ ತಟ್ಟೆಯ ಚೂರು ಆರಿಸಿದಳು.

ಜಮೀನು, ಕೊಟ್ಟಿಗೆ ಎಲ್ಲ ಆ ವಸಂತದಲ್ಲಿ ಮಗನ ಹೆಸರಿಗಾಗಿತ್ತು. ಮುದುಕರಿಬ್ಬರೂ ಅದೇ ಮನೆಯ ಪಡುವಣ ತುದಿಗೆ ಸರಿದಿದ್ದರು. ಮೂಡಣ ತುದಿ ಮಗ ಸೊಸೆಯದು. ರುಜು ಹಾಕುವ ದಿನ ಗಂಡಸರು ಟ್ರ್ಯಾಕ್ಟರು, ತೋಪು, ಹಾಲಿನ ಕೋಟಾ ಎಂದು ಏನೇನೋ ಕೇಳಿದರು. ಟೋವೆ ಕೇಳಿದ್ದು ಒಂದೇ. "ಸಂಜೆ ಯಾರು ಎಲ್ಲಿ ಬೇಕಾದರೂ ತಿನ್ನಿ. ಮಧ್ಯಾಹ್ನದ ಬಿಸಿಯೂಟ ಮಾತ್ರ ಎಲ್ಲರೂ ಒಂದೇ ಮೇಜಲ್ಲಿ. ನಾನೇ ಮಾಡ್ತೀನಿ." ಜಗಳವಾಡುವುದಾದರೂ ಕಣ್ಣೆದುರು ಆಡಲಿ, ನಡುವೆ ತಾನಿರಬಹುದು ಎಂಬುದು ಅವಳ ಲೆಕ್ಕ. ಹೀಗೆ ನಡುವೆ ನಿಂತೇ ಅವಳು ಆಸ್ಗರ್‌ನನ್ನು ದೊಡ್ಡವನಾಗಿ ಮಾಡಿದ್ದು. ಇವನೊಬ್ಬ ಅವನಂತಾಗದಿದ್ದರೆ ಸಾಕು ಎಂದು ಏಟು ತಿಂದಾಗೆಲ್ಲ ಅಂದುಕೊಂಡವಳು.

ಐವಿನ್ ಜನ್ಮದಲ್ಲಿ ಹಸುವಿನ ಮೇಲೆ ಕೈ ಎತ್ತಿದವನಲ್ಲ. ಕೊಟ್ಟಿಗೆಯ ಸಿಟ್ಟನ್ನೆಲ್ಲ ಮನೆಯೊಳಕ್ಕೆ ತರುತ್ತಿದ್ದ. ಅದರಲ್ಲೂ ಡಾಗ್ಮರ್ ಎಂದರೆ ಅವನಿಗೆ ಪ್ರಾಣ. ಅವನ ತಾಯಿ ತವರಿನಿಂದ ಹೊಡೆದುಕೊಂಡು ಬಂದ ಹಸುವಿನ ವಂಶ ಅದು. ಸಣ್ಣ ಮೈ, ಜಿಂಕೆ ಬಣ್ಣ, ಕಾಡಿಗೆ ತೀಡಿದಂಥ ಕಣ್ಣಿನ ಜೆರ್ಸಿ. ಅದರ ಹೊಟ್ಟೆಯಲ್ಲಿ ಹುಟ್ಟಿದ ಫ್ರೀಡಾ, ಥೂರಾ ಎಂಬ ಎರಡು ಹಸುಗಳೂ ಅದೇ ಸಾಲಿನಲ್ಲಿದ್ದವು. ಆಗಸ್ಟ್ ತಿಂಗಳಲ್ಲಿ, ಗಾಳಿಯಾಡದೆ ಹುದುಗಿಸಿಟ್ಟ ಜೋಳದ ರಸಮೇವು ಸಾಲಿನಲ್ಲಿ ಬಿದ್ದು ಸ್ವಲ್ಪ ಹೊತ್ತಾದರೆ ಒಳಗೊಳಗೇ ಕಾವು ಏರಿ ಹುಳಿ ವಾಸನೆ ಹೊಡೆಯುತ್ತದೆ. ಉಳಿದ ಹಸುಗಳು ಅದನ್ನೂ ಮೇಯುತ್ತವೆ. ಡಾಗ್ಮರ್‌ಗೆ ಅದು ಆಗದು ಎಂದು ಐವಿನ್ ಹಟ. ದಿನವೂ ಕಾಫಿ ಕುಡಿದು ಹೋಗಿ, ಅವಳ ಮುಂದಿನ ಕಾವೇರಿದ ಮೇವನ್ನೆಲ್ಲ ಕಬ್ಬಿಣದ ಕವೆಗೋಲಿನಿಂದ ಬಾಚಿ ಎದುರು ಸಾಲಿನ ಕಡಸುಗಳಿಗೆ ಎಸೆಯುತ್ತಿದ್ದ. ಆಮೇಲೆ ಕಂಬಿಯ ಸಂದಿನಲ್ಲಿ ಕೈ ತೂರಿ, ಒಣಹುಲ್ಲನ್ನು ಹಿಡಿಹಿಡಿಯಾಗಿ ಬಾಯಿಗೆ ಕೊಡುತ್ತಿದ್ದ. ಹೆಂಡತಿ ಮಕ್ಕಳಿಗೆ ಒಂದು ತುತ್ತು ಕೊಟ್ಟವನಲ್ಲ ಆ ಗಂಡಸು.

ಎರಡು ವಾರ ಕಳೆದವು. ಊಟದ ಹೊತ್ತಿನಲ್ಲಿ ಬೈದಾಟ ದಿನವೂ ಇತ್ತು. ಒಂದು ದಿನ ರಬ್ಬರ್ ಬೂಟು ಹಾರಿತು. ಇನ್ನೊಂದು ದಿನ ಆಸ್ಗರ್ ಕುರ್ಚಿ ಎತ್ತಿದ. ಟೋವೆ ಅದರ ಕಾಲು ಹಿಡಿದುಕೊಂಡಳು. ಆಮೇಲೊಂದು ಗುರುವಾರ ಬೆಳಿಗ್ಗೆ ಮಗ ಅಡುಗೆಮನೆಗೆ ಬಂದು ದನಿ ತಗ್ಗಿಸಿ, "ಅಮ್ಮ, ಅಪ್ಪ ಇವತ್ತು ಮಣ್ಣಿಗೆ ಹೋಗ್ತಾನಲ್ಲ?" ಎಂದ.

ಐವಿನ್‌ನ ಹಳೆಯ ಜೊತೆಗಾರನೊಬ್ಬ ತೀರಿಕೊಂಡಿದ್ದ. ಟೋವೆ ಗಂಡನ ಕರಿ ಸೂಟಿಗೆ ಬ್ರಷ್ ಹೊಡೆಯುತ್ತಿದ್ದಳು. "ಇಬ್ಬರೂ ಹೋಗ್ತಿದ್ದೀವಿ."

"ಮಣ್ಣಾದ ಮೇಲೆ ಕಾಫಿ ಇಟ್ಟಿರ್ತಾರೆ. ಅವನನ್ನ ಬೇಗ ಹೊರಡಿಸ್ಬೇಡ. ಲಾರಿ ಬಂದು ಹೋಗ್ಲಿ."

ಬ್ರಷ್ ನಿಂತಿತು. "ಯಾವುದು?"

"ಡಾಗ್ಮರ್. ಇಡೀ ಕೊಟ್ಟಿಗೇಲಿ ಅದರಷ್ಟು ತಿನ್ನೋದು ಇನ್ನೊಂದಿಲ್ಲ. ಹೋರಿ ತಿಂದ ಹಾಗೆ ತಿನ್ನುತ್ತೆ. ಹಾಲು ನೋಡಿದ್ರೆ ಬೆಕ್ಕಿಗೂ ಸಾಲಲ್ಲ."

"ಡಾಗ್ಮರ್ ಅಷ್ಟೊಂದು ತಿನ್ನುತ್ತಾ? ಸರಿಯಾಗಿ ನೋಡಿದ್ದೀಯಾ?"

"ನಾನ್ಯಾಕೆ ನೋಡ್ಲಿ? ನೋಡೋಕೆ ಅಂತಾನೇ ಇಟ್ಟಿದ್ದೀವಲ್ಲ, ಅದು ನೋಡಿದೆ."

"ಅವನು ನಿನ್ನ ಕೊಂದೇಬಿಡ್ತಾನೆ ಕಣೋ."

"ಎದುರಿಗಿದ್ದಾಗ ಕಳಿಸಿದ್ರೆ ಕೊಲ್ತಾನೆ. ಅದಕ್ಕೇ ಕೇಳ್ತಿರೋದು."

ಟೋವೆ ಒಪ್ಪಿದಳು. ರಕ್ತ ಹರಿಯದೆ ಮುಗಿಯುತ್ತದಲ್ಲ ಎಂದು ಒಪ್ಪಿದಳು. ಮಣ್ಣಾದ ಮೇಲೆ ಹೋಟೆಲಿನಲ್ಲಿ ಕಾಫಿಗೆ ಕೂತಾಗ ಐವಿನ್ ಎರಡು ಸಲ ಏಳಹೋದ. ಒಂದು ಸಲ ಸತ್ತವನ ಹೆಂಡತಿಯನ್ನು ತಂದು ಅವನ ಪಕ್ಕ ಕೂರಿಸಿದಳು. ಇನ್ನೊಂದು ಸಲ ತಾನೇ ಇನ್ನೊಂದು ತುಂಡು ಕೇಕ್ ಬಡಿಸಿದಳು.

"ಏನಿವತ್ತು, ಇಷ್ಟೊಂದು ಉಪಚಾರ?" ಎಂದು ಐವಿನ್ ನಕ್ಕ. ಅವನು ನಕ್ಕದ್ದೇ ಅಪರೂಪ.

ಮನೆಗೆ ಬಂದವನು ಸೂಟು ಬಿಚ್ಚದೆ ನೆಟ್ಟಗೆ ಕೊಟ್ಟಿಗೆಗೆ ಹೋದ. ಟೋವೆ ಹಿಂದೆಯೇ ಓಡಿದಳು. ಸಾಲಿನಲ್ಲಿ ಫ್ರೀಡಾ ಇತ್ತು, ಥೂರಾ ಇತ್ತು. ನಡುವೆ ಒಂದು ಹಸುವಿನಷ್ಟು ಅಗಲ ಖಾಲಿ ಇತ್ತು. ಐವಿನ್ ಕವೆಗೋಲು ತೆಗೆದುಕೊಂಡು, ಮೇವಿನ ಗಾಡಿಯ ಮೇಲೆ ಹತ್ತಿ, ತಲೆಯ ಮೇಲಿದ್ದ ಕ್ಯಾಮೆರಾಗೆ ಬೀಸಿದ. ಒಂದು ಒಡೆಯಿತು. ಇಳಿದು, ಗಾಡಿ ನೂಕಿಕೊಂಡು ಹೋಗಿ, ಮತ್ತೆ ಹತ್ತಿ ಇನ್ನೊಂದಕ್ಕೆ ಬೀಸಿದ. ಗಾಜಿನ ಚೂರು ಮೇವಿನ ಮೇಲೆ ಉದುರಿತು. ಸದ್ದು ಕೇಳಿ ಆಸ್ಗರ್ ಹಾಲಿನ ಕೋಣೆಯಿಂದ ಓಡಿ ಬಂದ.

"ಇಳಿಯೋ ಮುದುಕಾ ಕೆಳಗೆ!"

ಐವಿನ್ ಇಳಿಯಲಿಲ್ಲ. ಇದ್ದಲ್ಲಿಂದಲೇ ಕವೆಗೋಲನ್ನು ಎಸೆದ. ಅದರ ಒಂದು ಮೊನೆ ಆಸ್ಗರ್‌ನ ತೊಡೆಗೆ ನಾಟಿತು. ಆಸ್ಗರ್ ಅದನ್ನು ಕಿತ್ತು ಆಚೆಗೆಸೆದು, ಕುಂಟುತ್ತಲೇ ಬಂದು, ತಂದೆಯ ಕೋಟು ಹಿಡಿದು ಗಾಡಿಯಿಂದ ಕೆಡವಿದ. ಎದೆಯ ಮೇಲೆ ಕೂತು ಎಡಕ್ಕೊಂದು ಬಲಕ್ಕೊಂದು ಗುದ್ದಿದ. ಆಮೇಲೆ ಕತ್ತು ಹಿಡಿದು ಹೊರಳಿಸಿ, ಮುಖವನ್ನು ರಸಮೇವಿನ ಗುಡ್ಡೆಗೆ ಒತ್ತಿದ.

"ತಿನ್ನು! ಎಷ್ಟು ತಿಂತೀಯೋ ತಿನ್ನು! ಇನ್ನೊಂದು ಕ್ಯಾಮೆರಾ ಉಳಿದಿದೆ, ಅದು ನೋಡ್ಲಿ!"

"ಬಿಡೋ, ಉಸಿರು ಕಟ್ಟುತ್ತೆ ಕಣೋ, ಬಿಡೋ!" ಎಂದು ಟೋವೆ ಮಗನ ಅಂಗಿ ಎಳೆದಳು. ಅಂಗಿ ಹರಿದು ಕೈಗೆ ಬಂತೇ ಹೊರತು ಮಗ ಬರಲಿಲ್ಲ. ಕೊನೆಗೆ ಸೀನೆ ನೆಲ ತೊಳೆಯುವ ಪೈಪು ತಂದು ಇಬ್ಬರ ಮೇಲೂ ತಣ್ಣೀರು ಬಿಟ್ಟಳು, ಕಚ್ಚಾಡುವ ನಾಯಿಗಳಿಗೆ ಬಿಡುವಂತೆ. ಹಸುಗಳು ಒಂದು ಗಳಿಗೆ ತಲೆ ಎತ್ತಿ ನೋಡಿ, ಮತ್ತೆ ಮೇಯತೊಡಗಿದವು.

ಐವಿನ್‌ನ ಮುಂದಿನ ಹಲ್ಲು ಹೋಗಿತ್ತು. ಆಸ್ಗರ್‌ನ ತೊಡೆಗೆ ಹೊಲಿಗೆ ಬಿತ್ತು. ಎಡವಿ ಕವೆಗೋಲಿನ ಮೇಲೆ ಬಿದ್ದೆ ಎಂದು ಡಾಕ್ಟರಿಗೆ ಹೇಳಿದ. ಡಾಕ್ಟರು ನಂಬಿದಂತೆ ಮಾಡಿದ.

ಅಲ್ಲಿಗೆ ಒಂದೇ ಮೇಜಿನ ಊಟ ಮುಗಿಯಿತು. ಟೋವೆ ಒಂದೇ ಪಾತ್ರೆಯಲ್ಲಿ ಬೇಯಿಸಿ, ಅರ್ಧ ಪಡುವಣ ತುದಿಗೆ, ಅರ್ಧ ಮೂಡಣ ತುದಿಗೆ ಹೊರತೊಡಗಿದಳು. ನಡುವಿನ ಓಣಿಯಂಥ ಕೋಣೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ ನಿಂತು ತಾನು ತಿನ್ನುತ್ತಿದ್ದಳು.

"ಸಾರು ಯಾಕೆ ತಣ್ಣಗಿದೆ?" ಎಂದು ಕೇಳುತ್ತಿದ್ದ ಗಂಡ. "ಮೊದಲು ಅವನಿಗೆ ಬಡಿಸಿ ಬಂದ್ಯಾ?"

"ಅವನಿಗೆ ದೊಡ್ಡ ತುಂಡು ಕೊಟ್ಟೆಯಾ?" ಎಂದು ಕೇಳುತ್ತಿದ್ದ ಮಗ.

"ಇಬ್ಬರೂ ನನ್ನನ್ನೇ ತಿಂದುಬಿಡಿ, ಸಮ ಆಗುತ್ತೆ," ಎಂದಳು ಒಂದು ದಿನ. ಇಬ್ಬರಿಗೂ ಅದು ತಮಾಷೆಯಾಗಿ ಕೇಳಿಸಿತು.

ಸೆಪ್ಟೆಂಬರ್ ಬಂತು. ಪಡುಗಡಲಿನ ಗಾಳಿ ಬೀಸಿ ಜೋಳದ ಹೊಲ ಮಲಗಿತು. ಹೊಸ ಕ್ಯಾಮೆರಾ ಹಾಕಿಸಬೇಕಲ್ಲ, ಸೀನೆ ಕ್ಯಾಮೆರಾದ ಲೆಕ್ಕ ನೋಡುವ ಹಸು ತಳಿ ಸಂಘದವರಿಗೆ ಫೋನ್ ಮಾಡಿದ್ದಳು. ಅವತ್ತು ಟೋವೆ ಆಲೂಗಡ್ಡೆ ಹೆರೆಯುತ್ತಿದ್ದಾಗ ಸೊಸೆ ಓಣಿಯ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಮುಖ ಬಿಳುಚಿತ್ತು.

"ಟೋವೆ, ಸಂಘದವನು ನಗಾಡಿಬಿಟ್ಟ. ಡಾಗ್ಮರ್ ತಿಂದಷ್ಟು ತಿಂದ್ರೆ ಯಾವ ಹಸು ಆದ್ರೂ ಹೊಟ್ಟೆ ಬಿರಿದು ಸಾಯುತ್ತೆ, ನೀವು ಚಿತ್ರ ತೆಗೆದು ನೋಡ್ಲೇ ಇಲ್ವಾ ಅಂದ. ಈಗ ನೋಡಿದೆ." ಅವಳು ಫೋನ್ ಮುಂದೆ ಹಿಡಿದಳು.

ಮೇಲಿನಿಂದ ತೆಗೆದ ಚಿತ್ರ. ಡಾಗ್ಮರ್‌ನ ಬೆನ್ನು. ಮುಂದೆ ತುಂಬಿದ ಮೇವಿನ ಗುಡ್ಡೆ. ಮುಂದಿನ ಚಿತ್ರದಲ್ಲಿ ಒಂದು ಟೋಪಿ, ಕವೆಗೋಲಿನ ಹಿಡಿ. ಅದರ ಮುಂದಿನದರಲ್ಲಿ ಟೋಪಿ ಇಲ್ಲ, ಮೇವೂ ಇಲ್ಲ, ಬರೀ ಸಿಮೆಂಟು ನೆಲ.

"ಇವನು ಬಾಚಿ ಎಸೆದದ್ದನ್ನೆಲ್ಲ ಅವಳು ತಿಂದಳು ಅಂತ ಬರೆದುಕೊಂಡಿದೆ," ಎಂದಳು ಸೀನೆ. "ಪಾಪ, ಅದು ಅರೆಹೊಟ್ಟೆ ತಿಂತಿತ್ತು. ಅವನು ಕೈಯಾರೆ ಕೊಟ್ಟ ಹುಲ್ಲು ಲೆಕ್ಕಕ್ಕೇ ಇಲ್ಲ."

ಟೋವೆ ಚಾಕು ಕೆಳಗಿಟ್ಟಳು. "ಅಂದ್ರೆ ಅವನೇ ಲಾರಿ ಹತ್ತಿಸಿದ."

"ನಾವು ಹತ್ತಿಸಿದ್ವಿ. ನೋಡದೆ ಹತ್ತಿಸಿದ್ವಿ."

"ಹೇಳ್ಬೇಡ. ಅವನಿಗೂ ಬೇಡ, ನಿನ್ನ ಗಂಡನಿಗಂತೂ ಬೇಡವೇ ಬೇಡ. ಆಸ್ಗರ್ ಈ ಮಾತನ್ನ ಚಾಕು ಮಸೆದ ಹಾಗೆ ಮಸೀತಾನೆ."

"ಹೇಳದೆ ಹೇಗೆ? ಡಾಗ್ಮರ್ ಹೋದ ಮೇಲೆ ಅವನು ಫ್ರೀಡಾ, ಥೂರಾ ಮುಂದೆ ಬಾಚೋಕೆ ಶುರು ಮಾಡಿದ್ದಾನೆ. ಈಗ ಅವು ಮೇಯೋ ಕಡೆ ಇರೋ ಕ್ಯಾಮೆರಾ ಒಡೆದಿಲ್ಲ. ಈ ಗುರುವಾರ ಅವೆರಡೂ ಹೋಗ್ಬೇಕು ಅಂತ ಆಸ್ಗರ್ ಹೇಳಾಗಿದೆ."

ಟೋವೆ ಕೈ ಒರೆಸಿಕೊಂಡು, "ನಾನೇ ಐವಿನ್‌ಗೆ ಹೇಳ್ತೀನಿ. ಬಾಚಬೇಡ ಅಂತ ಅಷ್ಟೇ ಹೇಳ್ತೀನಿ. ಯಾಕೆ ಅಂತ ಹೇಳಲ್ಲ. ನೀನು ಲಾರಿಯವನಿಗೆ ಬರಬೇಡ ಅನ್ನು," ಎಂದಳು.

ಕೆಂಡವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಂತೆ ಹೋದಳು.

ಪಡುವಣ ತುದಿಯ ಮೇಜಿನಲ್ಲಿ ಐವಿನ್ ಹಂದಿ ಮಾಂಸದ ಹುರಿದ ತೊಗಲನ್ನು ಹಲ್ಲಿಲ್ಲದ ಕಡೆಯಿಂದ ಈ ಕಡೆಗೆ ಸರಿಸುತ್ತ ಜಗಿಯುತ್ತಿದ್ದ. ಆಲೂಗಡ್ಡೆ ಬೇಯುವ ಪಾತ್ರೆ ಇನ್ನೂ ಒಲೆಯ ಮೇಲೆ ಕುದಿಯುತ್ತಿತ್ತು.

"ಐವಿನ್, ಇನ್ಮೇಲೆ ಆ ಎರಡು ಹಸುಗಳ ಮುಂದೆ ಮೇವು ಬಾಚಬೇಡ."

"ಯಾಕೆ?"

"ವಯಸ್ಸಾಯ್ತು. ಸೊಂಟ ಹಿಡಿಯುತ್ತೆ."

"ನನ್ನ ಸೊಂಟದ ಚಿಂತೆ ನಿನಗೆ ಯಾವಾಗಿನಿಂದ?" ಅವನು ಜಗಿಯುವುದನ್ನು ನಿಲ್ಲಿಸಿದ. "ಅವನು ಹೇಳಿ ಕಳಿಸಿದ್ನಾ?"

"ಯಾರೂ ಕಳಿಸಿಲ್ಲ."

"ಹಾಗಾದ್ರೆ ಯಾಕೆ?" ಅವಳ ಮಣಿಕಟ್ಟು ಹಿಡಿದ. "ಅವತ್ತು ಮಣ್ಣಿಗೆ ಹೋದಾಗ ಕೇಕ್ ಮೇಲೆ ಕೇಕ್ ತಿನ್ನಿಸಿದೆ. ಈಗ ಸೊಂಟ ಅಂತೀಯ. ನಾನೇನು ದಡ್ಡ ಅಂದ್ಕೊಂಡ್ಯಾ?" ಕೈ ತಿರುಚಿದ. ಇನ್ನೂ ತಿರುಚಿದ.

ನೋವು ಮೊಣಕೈಗೆ ಬಂತು, ಭುಜಕ್ಕೆ ಬಂತು. ಅಷ್ಟು ವರ್ಷ ಬಾಯಿ ಮುಚ್ಚಿಕೊಂಡೇ ತಿಂದ ನೋವು ಆವತ್ತು ಬಾಯಿಯಿಂದ ಹೊರಟಿತು. "ನೀನೇ ಕೊಂದೆ ಅವಳನ್ನ! ನೀನು ಬಾಚಿ ಎಸೆದ ಮೇವನ್ನ ಅವಳು ತಿಂದಳು ಅಂತ ಲೆಕ್ಕ ಆಯ್ತು. ದಿನಾ ಹೋಗಿ ಹೋಗಿ ನಿನ್ನ ಕೈಯಾರೆ ನೀನೇ ಲಾರಿ ಹತ್ತಿಸಿದೆ! ಈಗ ಅವಳ ಮಕ್ಕಳನ್ನೂ ಹತ್ತಿಸ್ತಿದ್ದೀಯ!"

ಐವಿನ್ ಕೈ ಬಿಟ್ಟ. ಎದ್ದು ನಿಂತ. ಆಮೇಲೆ ಅವಳ ಕೆನ್ನೆಗೆ ಹೊಡೆದ ಏಟಿಗೆ ಅವಳು ಕಪಾಟಿಗೆ ಹೋಗಿ ಬಡಿದಳು. ಲೋಟಗಳು ಉದುರಿದವು.

ಸದ್ದಿಗೆ ಆಸ್ಗರ್ ಬಾಗಿಲು ಒದ್ದುಕೊಂಡು ಒಳಗೆ ಬಂದ, ಹಿಂದೆ ಸೀನೆ. "ಏನು ಹೇಳಿದ್ರಿ? ಯಾರು ಹತ್ತಿಸಿದ್ದು?" ಎಂದ. ಕೂಗು ಆ ತುದಿಗೂ ಕೇಳಿಸಿತ್ತು. ಹೆಂಡತಿಯ ಮುಖ ನೋಡಿದ, ಅರ್ಥವಾಯಿತು. ನಗತೊಡಗಿದ. ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಪ್ಪಾ! ನೀನೇನಾ! ನನ್ನ ತೊಡೆ ತೂತು ಮಾಡಿದೆಯಲ್ಲೋ, ನೀನೇನಾ ಅದು! ನಿನ್ನ ಮುದ್ದೇ ಹಾಗೆ ನೋಡು, ಮುಟ್ಟಿದ್ದೆಲ್ಲ ಸಾಯ್ಬೇಕು!"

ಐವಿನ್ ಒಲೆಯ ಮೇಲಿದ್ದ ಪಾತ್ರೆಯನ್ನು ಹಿಡಿಕೆ ಹಿಡಿದು ಎತ್ತಿ ಬೀಸಿದ. ಕುದಿಯುವ ನೀರೂ ಆಲೂಗಡ್ಡೆಯೂ ಆಸ್ಗರ್‌ನ ಕುತ್ತಿಗೆ, ಭುಜದ ಮೇಲೆ ಬಿದ್ದವು. ಆಸ್ಗರ್ ಅರಚಿದ. ಅರಚಿಕೊಂಡೇ ಬಂದು ತಂದೆಯ ಗಂಟಲು ಹಿಡಿದು ಗೋಡೆಗೆ ಒತ್ತಿದ. ಮುದುಕನ ಮುಖ ನೀಲಿಗಟ್ಟಿತು. ಚಪ್ಪಲಿ ಕಾಲಿನಿಂದ ಕಳಚಿ ಬಿತ್ತು.

ಟೋವೆ ಎದ್ದು ಬಂದಳು. ಎಂದಿನಂತೆ ನಡುವೆ ನುಗ್ಗಿ ಮಗನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. "ಬಿಡು ಮಗಾ. ಕೊಲೆ ಆಗುತ್ತೆ. ಬಿಡು."

ಆಸ್ಗರ್ ಬಿಟ್ಟ. ತಂದೆಯನ್ನು ಬಿಟ್ಟು ತಾಯಿಯ ಕಡೆ ತಿರುಗಿದ. "ಯಾವಾಗಲೂ ಅವನನ್ನೇ ಕಾಯ್ತೀಯ!" ಎಂದು ಬಾಯಿಗೆ ಗುದ್ದಿದ. ಅವಳು ಬೀಳಲಿಲ್ಲ, ಕುರ್ಚಿಯ ಬೆನ್ನು ಹಿಡಿದುಕೊಂಡಳು. "ನನ್ನ ಹೊಡೆಯೋವಾಗಲೂ ನೀನು ಬರೀ ನಡುವೆ ನಿಂತೆ. ಕರ್ಕೊಂಡು ಹೋದೆಯಾ? ಒಂದು ದಿನ ಆದ್ರೂ ನನ್ನ ಕರ್ಕೊಂಡು ಹೋದೆಯಾ ಈ ಮನೆಯಿಂದ?" ಎನ್ನುತ್ತ ಇನ್ನೊಂದು ಗುದ್ದಿದ. ಮೊದಲನೆಯದು ಸಿಟ್ಟಿನ ಭರದ್ದು ಎನ್ನಬಹುದಿತ್ತು. ಎರಡನೆಯದಕ್ಕೆ ಅವನು ಕೈಯನ್ನು ಹಿಂದಕ್ಕೆ ಎಳೆದು, ಗುರಿ ನೋಡಿ ಹೊಡೆದಿದ್ದ.

ಸೀನೆ ಬಾಯಿ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು. ಐವಿನ್ ಗೋಡೆಗೊರಗಿ ಕೆಮ್ಮುತ್ತ ಕೂತಿದ್ದ. ಕೆಮ್ಮಿನ ನಡುವೆ ಮಗನನ್ನು ನೋಡಿ, "ಹೂಂ, ಈಗ ಸರಿಯಾಗಿ ಬಂತು ನೋಡು ನಿಂಗೆ ನನ್ನ ಕೈ," ಎಂದ.

ಟೋವೆ ಒಲೆ ಆರಿಸಿದಳು. ನಲ್ಲಿಯಲ್ಲಿ ಬಾಯಿ ತೊಳೆದು ರಕ್ತ ಉಗಿದಳು. ಮಗನಿಗೆ, "ಕುತ್ತಿಗೆಯನ್ನ ತಣ್ಣೀರಲ್ಲಿ ಹಿಡಿ, ಬೊಬ್ಬೆ ಏಳುತ್ತೆ," ಎಂದಳು. ಕೋಟು ಹಾಕಿಕೊಂಡಳು. ಕೈಚೀಲ ತೆಗೆದುಕೊಂಡಳು.

"ಎಲ್ಲಿಗೆ?" ಎಂದ ಐವಿನ್.

ಅವಳು ಬಾಗಿಲು ತೆಗೆದಳು.

"ಅಮ್ಮ, ನಾನು... ಅಮ್ಮ!" ಎಂದ ಆಸ್ಗರ್. ಅವನು ತನ್ನ ಮುಷ್ಟಿಯನ್ನು ಇನ್ನೂ ಬಿಚ್ಚಿರಲಿಲ್ಲ.

ಅಂಗಳ ದಾಟಿ, ಡಾಂಬರು ರಸ್ತೆಗೆ ಬಂದು, ಎದುರು ಗಾಳಿಗೆ ತಲೆ ತಗ್ಗಿಸಿ ನಡೆದಳು. ದೇವದಾರು ಸಾಲಿನ ತಿರುವಿನಲ್ಲಿ ಸೀನೆಯ ಕಾರು ಬಂದು ನಿಂತಿತು. ಸೊಸೆ ಅಳುತ್ತಿದ್ದಳು. ಟೋವೆ ಪಕ್ಕದಲ್ಲಿ ಕೂತು ಬಾಗಿಲು ಎಳೆದುಕೊಂಡಳು.

"ಆಸ್ಪತ್ರೆಗಾ?"

"ರೈಲ್ವೆ ಸ್ಟೇಷನ್ನಿಗೆ. ಎಸ್‌ಬ್ಯಾರಿಯಲ್ಲಿ ಅಕ್ಕ ಇದ್ದಾಳೆ."

ಸ್ಟೇಷನ್ನಿನಲ್ಲಿ ಇಳಿಯುವಾಗ ಸೀನೆ ಹೇಳಿದಳು. "ಲಾರಿಯವನಿಗೆ ಬರಬೇಡ ಅಂದಿದ್ದೀನಿ. ಫ್ರೀಡಾ, ಥೂರಾ ಉಳೀತಾವೆ."

"ಒಳ್ಳೇದಾಯ್ತು." ಟೋವೆ ಇಳಿದವಳು ಮತ್ತೆ ಬಗ್ಗಿ ಕಿಟಕಿಯಲ್ಲಿ ನೋಡಿದಳು. ತುಟಿ ಊದಿ ಮಾತು ತೊದಲುತ್ತಿತ್ತು. "ನೀನೂ ಬಾ. ರೈಲಲ್ಲಿ ಜಾಗ ಇರುತ್ತೆ."

ಸೀನೆ ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದಳು. "ಅವನು ನನ್ನ ಮೇಲೆ ಯಾವತ್ತೂ ಕೈ ಮಾಡಿಲ್ಲ, ಟೋವೆ."

"ನನ್ನ ಮೇಲೂ ಮಾಡಿರ್ಲಿಲ್ಲ, ಇವತ್ತಿನವರೆಗೂ."

ಸೀನೆ ಗಡಿಯಾರ ನೋಡಿದಳು. ಕಣ್ಣು ಒರೆಸಿಕೊಂಡಳು. "ಹಾಲು ಕರೆಯೋ ಹೊತ್ತಾಯ್ತು," ಎಂದಳು. "ಅವನ ಭುಜ ಸುಟ್ಟಿದೆ. ಒಬ್ಬನ ಕೈಲಿ ಆಗಲ್ಲ. ಹಸುಗಳು ಕೂಗ್ತಾ ಇರ್ತಾವೆ."

ಕಾರು ತಿರುಗಿ, ಬಂದ ದಾರಿಯಲ್ಲೇ ಹೊರಟಿತು. ಟೋವೆ ಅದು ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ನೋಡಿದಳು. ಆಮೇಲೆ ಟಿಕೆಟ್ ತೆಗೆದುಕೊಂಡಳು, ಹೋಗುವುದಕ್ಕೆ ಮಾತ್ರ. ಐವಿನ್ ಸತ್ತಾಗ ಮಣ್ಣಿಗೂ ಅವಳು ಆ ಊರಿಗೆ ಬರಲಿಲ್ಲ.